ಹಳೇ ಮಡಕೆಗೆ ‘ಕಾರ್ಬನ್ ಡೇಟಿಂಗ್’ ಮಾಡಿ ವಯಸ್ಸು ಹೇಳುತ್ತಾರಾ? ಫಾರ್ವರ್ಡ್‌ಗಳು ಹೇಳುವುದೇನು, ವಿಜ್ಞಾನ ಹೇಳುವುದೇನು

ಹೊಲ ಉಳುವಾಗಲೋ ಮನೆಯ ಪಾಯ ತೋಡುವಾಗಲೋ ಒಂದು ಹಳೇ ಮಡಕೆ ಸಿಕ್ಕಿತೆಂದರೆ ಸಾಕು, ಸಂಜೆಯೊಳಗೆ ಅದರ ಫೋಟೋ ಹತ್ತಾರು ವಾಟ್ಸಾಪ್ ಗ್ರೂಪ್ ಸುತ್ತಿರುತ್ತದೆ. ಫೋಟೋ ಒಂದೇ, ಅದರ ಕೆಳಗಿನ ಬರಹ ಮಾತ್ರ ಬೇರೆ ಬೇರೆ. ‘ಕಾರ್ಬನ್ ಡೇಟಿಂಗ್‌ನಿಂದ ಹತ್ತು ಸಾವಿರ ವರ್ಷ ಹಳೆಯದೆಂದು ಸಾಬೀತು’ ಎಂದು ಒಂದರಲ್ಲಿ ಇದ್ದರೆ, ‘ಒಳಗೆ ಮಗುವಿನ ಮೂಳೆ, ನರಬಲಿಯ ಗುರುತು’ ಎಂದು ಇನ್ನೊಂದರಲ್ಲಿ. ‘ಮಡಕೆ ಇದ್ದಲ್ಲಿ ನಿಧಿ ಗ್ಯಾರಂಟಿ’ ಎಂಬುದಂತೂ ಎಲ್ಲ ಕಡೆ ಇರುತ್ತದೆ.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಇತಿಹಾಸಪೂರ್ವ ಕಾಲದ ಮಡಕೆಗಳನ್ನು ಪುರಾತತ್ವಜ್ಞರು ಹೇಗೆ ಓದುತ್ತಾರೆ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ:

• ಮಡಕೆಯ ಮಣ್ಣಿಗೆ ನೇರವಾಗಿ ಕಾರ್ಬನ್ ಡೇಟಿಂಗ್ ಮಾಡಿದರೆ ಮಡಕೆ ಮಾಡಿದ ಕಾಲ ಸಿಗುವುದಿಲ್ಲ. ಅದಕ್ಕೆ ಅಂಟಿದ ಮಸಿ, ಜಿಡ್ಡು, ಜೊತೆಗೆ ಸಿಕ್ಕ ಇದ್ದಿಲು, ಕಾಳುಗಳಿಂದ ಕಾಲ ತಿಳಿಯುತ್ತದೆ.
• ಮಡಕೆಯಲ್ಲಿ ಮೂಳೆ ಸಿಕ್ಕಿತೆಂದರೆ ಅದು ಬಹುಮಟ್ಟಿಗೆ ಸಮಾಧಿ. ಬಲಿ ಎನ್ನಲು ಅಷ್ಟೇ ಸಾಲದು.
• ಚಿನ್ನ ಸಿಗುವುದು ಬಹಳ ಅಪರೂಪ. ಅಗೆದು ತೆಗೆದರೆ ಇತಿಹಾಸವೂ ಹಾಳು, ಕಾನೂನಿನ ತೊಂದರೆಯೂ ಉಂಟು.

ಮಡಕೆ ಚೂರಿಗೆ ಇಷ್ಟೊಂದು ಬೆಲೆ ಏಕೆ?

ಬಟ್ಟೆ, ಮರ, ಬುಟ್ಟಿ, ಚರ್ಮ ಇವೆಲ್ಲ ನಮ್ಮ ಹವಾಮಾನದಲ್ಲಿ ಬೇಗ ಕೊಳೆತು ಹೋಗುತ್ತವೆ. ಲೋಹ ಒಡೆದರೆ ಕರಗಿಸಿ ಮತ್ತೆ ಬಳಸುತ್ತಾರೆ. ಒಡೆದ ಮಡಕೆಯನ್ನು ಹಾಗೆ ಬಳಸಲು ಬರುವುದಿಲ್ಲ, ತಿಪ್ಪೆಗೆ ಎಸೆಯುತ್ತಾರೆ. ಎಸೆದದ್ದು ಅಲ್ಲಿಯೇ ಉಳಿಯುತ್ತದೆ.

ಅದು ಉಳಿಯುವುದಕ್ಕೆ ಕಾರಣ ಬೆಂಕಿ. ಹಸಿ ಜೇಡಿಮಣ್ಣನ್ನು ಒಣಗಿಸಿದರೆ ಗಟ್ಟಿಯಾಗುತ್ತದೆ, ನೀರು ಬಿದ್ದರೆ ಮತ್ತೆ ಕೆಸರಾಗುತ್ತದೆ. ಅದೇ ಮಣ್ಣನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಗೆ ಸುಟ್ಟರೆ, ಮಣ್ಣಿನ ಖನಿಜದೊಳಗೆ ಬೆಸೆದುಕೊಂಡಿದ್ದ ನೀರಿನ ಅಂಶವೂ ಹೊರಟುಹೋಗಿ ಅದರ ರಚನೆಯೇ ಬದಲಾಗುತ್ತದೆ. ಆಮೇಲೆ ಎಷ್ಟು ಮಳೆ ಸುರಿದರೂ ಅದು ಕೆಸರಾಗುವುದಿಲ್ಲ. ಮಡಕೆ ಒಡೆಯಬಹುದು, ಅದರ ಚೂರು ಸಾವಿರಾರು ವರ್ಷ ಬಾಳುತ್ತದೆ.

ಇನ್ನೊಂದು ಕಾರಣವೂ ಇದೆ. ಮಡಕೆಯ ಕಂಠ, ತಳ, ಬಣ್ಣ, ಗೀರು ಎಲ್ಲವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಅಜ್ಜಿಯ ಕಾಲದ ಹಿತ್ತಾಳೆ ಚೊಂಬು, ಅಮ್ಮನ ಕಾಲದ ಸ್ಟೀಲ್ ತಂಬಿಗೆ, ಈಗಿನ ಪ್ಲಾಸ್ಟಿಕ್ ಬಾಟಲಿ ಮೂರನ್ನೂ ಒಟ್ಟಿಗಿಟ್ಟರೆ ಯಾವುದು ಮೊದಲಿನದು ಎಂದು ಯಾರಾದರೂ ಹೇಳಬಹುದಲ್ಲವೇ? ಅದೇ ತರ್ಕ ಇಲ್ಲೂ ನಡೆಯುತ್ತದೆ. ಈಜಿಪ್ಟಿನ ಇತಿಹಾಸಪೂರ್ವ ಗೋರಿಗಳಲ್ಲಿ ಸಿಕ್ಕ ಮಡಕೆಗಳನ್ನು ಫ್ಲಿಂಡರ್ಸ್ ಪೆಟ್ರಿ ಎಂಬ ವಿದ್ವಾಂಸರು 1899ರಲ್ಲಿ ಹೀಗೆಯೇ ಸಾಲಾಗಿ ಜೋಡಿಸಿ, ಯಾವ ಗೋರಿ ಮೊದಲು, ಯಾವುದು ನಂತರ ಎಂದು ತೋರಿಸಿದರು. ಆಗ ಕಾರ್ಬನ್ ಡೇಟಿಂಗ್ ಎಂಬ ಹೆಸರೇ ಇರಲಿಲ್ಲ.

ಹೇಳಿಕೆ 1: ‘ಮಡಕೆಗೆ ಕಾರ್ಬನ್ ಡೇಟಿಂಗ್ ಮಾಡಿ ವಯಸ್ಸು ಕಂಡುಹಿಡಿದಿದ್ದಾರೆ’

ಅರ್ಧ ಸರಿ, ಅರ್ಧ ತಪ್ಪು.

ಗಿಡ, ಪ್ರಾಣಿ, ಮನುಷ್ಯ ಹೀಗೆ ಜೀವವಿರುವ ಎಲ್ಲವೂ ಬದುಕಿರುವವರೆಗೆ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಗಾಳಿ, ಆಹಾರದ ಮೂಲಕ ಪಡೆಯುತ್ತಿರುತ್ತವೆ. ಸತ್ತ ಮೇಲೆ ಹೊಸದು ಸೇರುವುದು ನಿಲ್ಲುತ್ತದೆ, ಇದ್ದದ್ದು ನಿಧಾನವಾಗಿ ಕರಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಉಳಿದಿರುವುದನ್ನು ಅಳೆದರೆ ಅದು ಸತ್ತು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು. 1940ರ ದಶಕದ ಕೊನೆಯಲ್ಲಿ ಈ ವಿಧಾನ ರೂಪಿಸಿದ ವಿಲ್ಲರ್ಡ್ ಲಿಬ್ಬಿ ಅವರಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಮಣ್ಣಿಗೆ ಜೀವವಿರಲಿಲ್ಲ, ಹಾಗಾಗಿ ಅದು ‘ಸತ್ತ’ ದಿನವೂ ಇಲ್ಲ. ಜೇಡಿಮಣ್ಣಿನಲ್ಲಿ ಸ್ವಲ್ಪ ಇಂಗಾಲ ಇದ್ದರೂ ಅದು ಕುಂಬಾರನಿಗಿಂತ ಎಷ್ಟೋ ಹಿಂದಿನದಾಗಿರಬಹುದು. ಅದನ್ನು ಅಳೆದರೆ ಮಣ್ಣಿನೊಳಗಿನ ಹಳೇ ಕಸದ ವಯಸ್ಸು ಸಿಕ್ಕೀತು, ಮಡಕೆಯದ್ದಲ್ಲ.

ಹಾಗಾದರೆ ಪುರಾತತ್ವಜ್ಞರು ಏನನ್ನು ಅಳೆಯುತ್ತಾರೆ? ಮಡಕೆಯ ಹೊರಗೆ ಹಿಡಿದ ಮಸಿ, ತಳದಲ್ಲಿ ಸೀದು ಅಂಟಿದ ಅನ್ನ ಅಥವಾ ಅಂಬಲಿ, ಮಣ್ಣಿಗೆ ಬೆರೆಸಿದ್ದ ಹೊಟ್ಟು, ಅದೇ ಪದರದಲ್ಲಿ ಸಿಕ್ಕ ಇದ್ದಿಲು, ಸುಟ್ಟ ಕಾಳು, ಮೂಳೆ. ಇವುಗಳಲ್ಲಿ ಕಾಳುಗಳಿಗೆ ಹೆಚ್ಚು ಬೆಲೆ. ಇದ್ದಿಲು ನೂರಾರು ವರ್ಷದ ಹಳೇ ಮರದ್ದಾಗಿರಬಹುದು, ಹುರುಳಿ ಕಾಳು ಮಾತ್ರ ಆ ವರ್ಷದ ಬೆಳೆ. ಇತ್ತೀಚೆಗೆ ಮಡಕೆಯೊಳಗೆ ಇಂಗಿದ ಜಿಡ್ಡಿನ ಅಣುಗಳನ್ನೇ ಬೇರ್ಪಡಿಸಿ ಕಾಲ ಅಳೆಯುವ ವಿಧಾನವೂ ಬಂದಿದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಅದನ್ನು ಪ್ರಕಟಿಸಿತು.

ಮಡಕೆಯನ್ನೇ ನೇರವಾಗಿ ಅಳೆಯುವ ಬೇರೊಂದು ವಿಧಾನವಿದೆ. ಅದರ ಹೆಸರು ಥರ್ಮೋಲ್ಯುಮಿನಿಸೆನ್ಸ್. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಸಣ್ಣ ಹರಳುಗಳು ಸುತ್ತಲಿನ ನೈಸರ್ಗಿಕ ವಿಕಿರಣದಿಂದ ಶಕ್ತಿಯನ್ನು ಚೂರುಚೂರೇ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಮಡಕೆ ಸುಟ್ಟಾಗ ಆ ಖಾತೆ ಸೊನ್ನೆಯಾಗುತ್ತದೆ. ಅಂದಿನಿಂದ ಮತ್ತೆ ಜಮೆ ಶುರು. ಪ್ರಯೋಗಾಲಯದಲ್ಲಿ ಚೂರನ್ನು ಮತ್ತೆ ಬಿಸಿ ಮಾಡಿದರೆ ಆ ಶಕ್ತಿ ಮಂದ ಬೆಳಕಾಗಿ ಹೊರಬರುತ್ತದೆ. ಬೆಳಕು ಹೆಚ್ಚಿದ್ದಷ್ಟೂ ಸುಟ್ಟ ಕಾಲ ಹಿಂದಿನದು. ಇದರಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಹೆಚ್ಚುಕಡಿಮೆ ಇರುತ್ತದೆ.

ಒಂದು ಮಾತು ನೆನಪಿಡಿ. ಯಾವ ಪ್ರಯೋಗಾಲಯವೂ ‘ಇದು ಸರಿಯಾಗಿ 5,000 ವರ್ಷ ಹಳೆಯದು’ ಎಂದು ಬರೆದುಕೊಡುವುದಿಲ್ಲ. ‘ಇಂತಿಷ್ಟರಿಂದ ಇಂತಿಷ್ಟರ ನಡುವೆ’ ಎಂದೇ ಹೇಳುತ್ತದೆ. ಫಾರ್ವರ್ಡ್‌ನಲ್ಲಿ ದುಂಡನೆಯ ಒಂದೇ ಸಂಖ್ಯೆ ಇದ್ದರೆ ಅಲ್ಲಿಯೇ ಸ್ವಲ್ಪ ನಿಂತು ಯೋಚಿಸಿ.

ಬ್ರಹ್ಮಗಿರಿಯ ಕಥೆ: ಕ್ರಮ ಉಳಿಯಿತು, ಸಂಖ್ಯೆ ಬದಲಾಯಿತು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನದಿಂದ ಹೆಸರಾದ ಜಾಗ. ಅಲ್ಲಿ ಮೊದಲು ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ಮಾಡಿದರು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲವನ್ನು ಪದರಪದರವಾಗಿ ಜೋಡಿಸಿದ್ದು ಈ ಅಗೆತ.

ನೆಲ ಅಗೆಯುವುದೆಂದರೆ ಹಳೇ ಪತ್ರಿಕೆಗಳ ಕಟ್ಟನ್ನು ಮೇಲಿನಿಂದ ಎತ್ತಿದಂತೆ, ಕೆಳಗೆ ಹೋದಷ್ಟೂ ಹಳೆಯದು. ಬ್ರಹ್ಮಗಿರಿಯ ಕೆಳಗಿನ ಪದರದಲ್ಲಿ ನುಣುಪಾದ ಕಲ್ಲಿನ ಕೊಡಲಿಗಳ ಜೊತೆ ಕೈಯಲ್ಲಿ ಮಾಡಿದ ಬೂದುಬಣ್ಣದ ಒರಟು ಮಡಕೆಗಳು ಸಿಕ್ಕವು. ಅದರ ಮೇಲೆ ಕಬ್ಬಿಣ, ಕಲ್ಲುಗೋರಿ, ಕಪ್ಪು-ಕೆಂಪು ಮಡಕೆಗಳು. ಇನ್ನೂ ಮೇಲೆ ಶಾತವಾಹನರ ಕಾಲದ, ತಿಗರಿಯ ಮೇಲೆ ಮಾಡಿದ ನಯವಾದ ಪಾತ್ರೆಗಳು.

ಇವುಗಳಿಗೆ ಕಾಲ ಹೇಳುವುದು ಹೇಗೆ? ವೀಲರ್ ಅವರಿಗೆ ಕಾರ್ಬನ್ ಡೇಟಿಂಗ್ ಕೈಯಲ್ಲಿರಲಿಲ್ಲ. ಅವರು ಹಿಡಿದದ್ದು ಒಂದು ಬಗೆಯ ತಟ್ಟೆಯ ಜಾಡು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅವರು 1945ರಲ್ಲಿ ಅಗೆದಾಗ, ಇಟಲಿಯಿಂದ ಬಂದ ಮಡಕೆಗಳ ಜೊತೆ, ಒಳತಳದಲ್ಲಿ ಸಾಲುಸಾಲು ಸಣ್ಣ ಗೀರುಗಳಿರುವ ತಟ್ಟೆಗಳು ಸಿಕ್ಕಿದ್ದವು. ಇಟಲಿಯ ಮಡಕೆಗಳ ಕಾಲ ಕ್ರಿ.ಶ. ಒಂದನೇ ಶತಮಾನ ಎಂದು ಗೊತ್ತಿತ್ತು. ಅಂಥದೇ ಗೀರಿನ ತಟ್ಟೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿದ್ದರಿಂದ ಆ ಪದರಕ್ಕೂ ಕಾಲ ಸಿಕ್ಕಿತು. ಅಲ್ಲಿಂದ ಕೆಳಕ್ಕೆ ಅಂದಾಜು ಮಾಡುತ್ತಾ ಹೋಗಿ, ಕಪ್ಪು-ಕೆಂಪು ಮಡಕೆಯ ಜನರು ಕ್ರಿ.ಪೂ. 200ರ ಸುಮಾರಿಗೆ ಬಂದರು, ಕಲ್ಲುಕೊಡಲಿಯವರು ಕ್ರಿ.ಪೂ. 1000ದಿಂದ ಈಚಿನವರು ಎಂದು ಅವರು ಬರೆದರು.

ಮುಂದಿನ ದಶಕಗಳಲ್ಲಿ ದಕ್ಷಿಣದ ಬೇರೆ ಬೇರೆ ನೆಲೆಗಳ ಇದ್ದಿಲಿಗೆ ಕಾರ್ಬನ್ ಡೇಟಿಂಗ್ ನಡೆಯಿತು. ಉತ್ತರ ಕರ್ನಾಟಕ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ನವಶಿಲಾಯುಗ ಕ್ರಿ.ಪೂ. 3000ದ ಆಸುಪಾಸಿನಲ್ಲೇ ಶುರುವಾಗಿತ್ತು ಎಂದು ತಿಳಿಯಿತು. ತುಂಗಭದ್ರಾ ದಡದ ಹಳ್ಳೂರಿನ ಪುರಾವೆಯಂತೆ ಕಬ್ಬಿಣವೂ ಕ್ರಿ.ಪೂ. 1000ದ ಹೊತ್ತಿಗೇ ಇತ್ತು. ಅಂದರೆ ವೀಲರ್ ಅವರ ಅಂದಾಜು ನೂರಾರು ವರ್ಷ, ಕೆಲವು ಕಡೆ ಎರಡು ಸಾವಿರ ವರ್ಷದಷ್ಟು ಈಚೆಗಿತ್ತು.

ಆದರೆ ಗಮನಿಸಿ: ಬೂದು ಮಡಕೆ ಮೊದಲು, ಕಪ್ಪು-ಕೆಂಪು ನಂತರ, ಗೀರಿನ ತಟ್ಟೆ ಕೊನೆಗೆ ಎಂಬ ಕ್ರಮ ಇಂದಿಗೂ ನಿಂತಿದೆ. ಪದರ ನೋಡಿ ಹೇಳಿದ್ದು ಗಟ್ಟಿ, ಅಂದಾಜಿನಲ್ಲಿ ಹೇಳಿದ್ದು ಬದಲಾಯಿತು. ‘ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ’ ಎಂದು ಗೊಣಗುವ ಮೊದಲು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಹೇಳಿಕೆ 2: ‘ಒಳಗೆ ಕಪ್ಪು, ಹೊರಗೆ ಕೆಂಪು. ಇಂದಿನವರಿಗೆ ತಿಳಿಯದ ರಹಸ್ಯ ತಂತ್ರಜ್ಞಾನ’

ರಹಸ್ಯವೇನಿಲ್ಲ, ಆದರೆ ಜಾಣತನ ಖಂಡಿತ ಇದೆ.

ನಮ್ಮ ಕಲ್ಲುಗೋರಿಗಳಲ್ಲಿ ಸಿಗುವ ಈ ಮಡಕೆಗಳ ಒಳಭಾಗ ಮತ್ತು ಕಂಠ ಕಪ್ಪಾಗಿರುತ್ತದೆ, ಹೊರಗಿನ ಕೆಳಭಾಗ ಕೆಂಪಾಗಿರುತ್ತದೆ. ಎರಡು ಬಗೆಯ ಮಣ್ಣಾಗಲಿ ಬಣ್ಣವಾಗಲಿ ಬೇಕಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಬೆಂಕಿಯಲ್ಲಿ ಗಾಳಿ ಚೆನ್ನಾಗಿ ಸಿಕ್ಕರೆ ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆ ತುಂಬಿದರೆ ಕಪ್ಪಾಗುತ್ತದೆ. ಮಡಕೆಯನ್ನು ಬೋರಲು ಹಾಕಿ, ಒಳಗೂ ಬಾಯಿಯ ಸುತ್ತಲೂ ಹುಲ್ಲು, ಹೊಟ್ಟು ತುಂಬಿ ಸುಟ್ಟರೆ ಒಂದೇ ಸುಡುವಿಕೆಯಲ್ಲಿ ಎರಡೂ ಬಣ್ಣ ಬರುತ್ತವೆ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಎರಡು ಸಲ ಸುಡುತ್ತಿದ್ದರು ಎನ್ನುವ ವಿದ್ವಾಂಸರೂ ಇದ್ದಾರೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ‘ಒಂದೇ ಬಗೆಯ ಮಡಕೆ ಸಿಕ್ಕಿತು, ಆದ್ದರಿಂದ ಎಲ್ಲರೂ ಒಂದೇ ಜನಾಂಗ’. ಕಪ್ಪು-ಕೆಂಪು ಮಡಕೆಗಳು ಗುಜರಾತ್, ರಾಜಸ್ಥಾನ, ಬಿಹಾರ, ಬಂಗಾಳದಲ್ಲೂ ಸಿಕ್ಕಿವೆ. ಕಾಲ ಬೇರೆ, ಆಕಾರ ಬೇರೆ. ಸುಡುವ ಉಪಾಯ ಒಂದೇ ಎಂದಮಾತ್ರಕ್ಕೆ ಮಾಡಿದವರು ಒಂದೇ ಕುಲದವರು ಎನ್ನಲಾಗದು.

ಹೇಳಿಕೆ 3: ‘ನಮ್ಮ ಪೂರ್ವಜರು ಇದನ್ನು ಮಾತ್ರ ತಿನ್ನುತ್ತಿದ್ದರು, ಮಡಕೆಯೇ ಸಾಕ್ಷಿ’

ಸಸ್ಯಾಹಾರದ ಪರ, ಮಾಂಸಾಹಾರದ ಪರ ಎರಡೂ ಕಡೆಯ ಫಾರ್ವರ್ಡ್‌ಗಳು ಮಡಕೆಯನ್ನೇ ಸಾಕ್ಷಿಗೆ ಕರೆಯುತ್ತವೆ. ಮಡಕೆ ನಿಜಕ್ಕೂ ಹೇಳುವುದೇನು?

ಮೊಸರು ಹೆಪ್ಪು ಹಾಕುವ ಮಣ್ಣಿನ ಕುಡಿಕೆಯನ್ನು ಎಷ್ಟು ತಿಕ್ಕಿ ತೊಳೆದರೂ ವಾಸನೆ ಪೂರ್ತಿ ಹೋಗುವುದಿಲ್ಲ. ಮೆರುಗು ಲೇಪಿಸದ ಮಣ್ಣಿನ ಪಾತ್ರೆಯ ಸಣ್ಣ ರಂಧ್ರಗಳಿಗೆ ಜಿಡ್ಡು ಇಂಗಿಬಿಡುತ್ತದೆ. ಹೀಗೆ ಇಂಗಿದ ಜಿಡ್ಡು ಸಾವಿರಾರು ವರ್ಷ ಉಳಿಯಬಲ್ಲದು. ಚೂರಿನ ಸ್ವಲ್ಪ ಭಾಗವನ್ನು ಪುಡಿ ಮಾಡಿ, ಜಿಡ್ಡನ್ನು ಹೊರತೆಗೆದು, ಅದರಲ್ಲಿರುವ ಇಂಗಾಲದ ಬಗೆಗಳ ಪ್ರಮಾಣ ನೋಡಿದರೆ ಅದು ಹಾಲಿನ ಕೊಬ್ಬೋ ಮಾಂಸದ ಕೊಬ್ಬೋ ಎಂದು ಬಹುಮಟ್ಟಿಗೆ ಬೇರ್ಪಡಿಸಬಹುದು.

ಗುಜರಾತಿನ ಕೋಟಡಾ ಭಾಡಲಿ ಎಂಬ ಸಿಂಧೂ ನಾಗರಿಕತೆಯ ಹಳ್ಳಿಯ 59 ಚೂರುಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸುಮಾರು ಕ್ರಿ.ಪೂ. 2500ರ ಹೊತ್ತಿಗೇ ಅಲ್ಲಿ ಹಾಲಿನ ಪದಾರ್ಥ ಬಳಸುತ್ತಿದ್ದುದಕ್ಕೆ ಅದರಲ್ಲಿ ಪುರಾವೆ ಸಿಕ್ಕಿತು. ರಾಖಿಗಢಿ, ಫರ್ಮಾಣ, ಆಲಂಗೀರ್‌ಪುರ ಮುಂತಾದ ವಾಯವ್ಯ ಭಾರತದ ನೆಲೆಗಳ ಮಡಕೆಗಳ ಅಧ್ಯಯನ ಅದೇ ಹೊತ್ತಿಗೆ ಬಂತು. ಅಕ್ಷ್ಯೇತಾ ಸೂರ್ಯನಾರಾಯಣ್ ಮತ್ತು ಸಹಸಂಶೋಧಕರ ಆ ಕೆಲಸದಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿಯಂಥ ಪ್ರಾಣಿಗಳ ಕೊಬ್ಬು ಹೆಚ್ಚಾಗಿ ಕಂಡಿತು, ಹಾಲಿನ ಗುರುತು ಕಡಿಮೆ ಇತ್ತು. ಫರ್ಮಾಣದ ಮಡಕೆ ಮತ್ತು ಹಲ್ಲುಗಳಲ್ಲಿ ಅರಿಶಿನ, ಶುಂಠಿಯ ಪಿಷ್ಟದ ಕಣಗಳೂ ಸಿಕ್ಕಿವೆ.

ಹಾಗಾದರೆ ಎಲ್ಲರೂ ಮಾಂಸವನ್ನೇ ತಿನ್ನುತ್ತಿದ್ದರಾ? ಹಾಗೂ ಹೇಳಲಾಗದು. ಕಾಳು, ಧಾನ್ಯ, ಸೊಪ್ಪಿನಲ್ಲಿ ಜಿಡ್ಡು ಕಡಿಮೆ, ಅವು ಬೇಯಿಸಿದ ಮಡಕೆಯಲ್ಲಿ ಗುರುತು ಉಳಿಯುವುದೂ ಕಡಿಮೆ. ಅದಕ್ಕೇ ಮಡಕೆಯ ಜೊತೆ ಅಲ್ಲಿನ ಮಣ್ಣನ್ನು ನೀರಿನಲ್ಲಿ ಕಲಕಿ, ತೇಲುವ ಸುಟ್ಟ ಕಾಳುಗಳನ್ನು ಸೋಸಿ ನೋಡುತ್ತಾರೆ. ಬಳ್ಳಾರಿ ಬಳಿಯ ಸಂಗನಕಲ್ಲು ಮತ್ತಿತರ ನವಶಿಲಾಯುಗದ ನೆಲೆಗಳಲ್ಲಿ ಹೀಗೆ ಸೋಸಿದಾಗ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳು ಸಿಕ್ಕವು. ದನ, ಕುರಿ, ಮೇಕೆಯ ಮೂಳೆಗಳೂ ಇದ್ದವು. ನಾಲ್ಕು ಸಾವಿರ ವರ್ಷದ ಹಿಂದೆ ಆ ಬೆಟ್ಟದ ಜನ ಹುರುಳಿ ಬೇಯಿಸಿದರು, ದನ ಸಾಕಿದರು, ಮಾಂಸವನ್ನೂ ತಿಂದರು. ಇಂದಿನ ಯಾವ ಜಗಳಕ್ಕೂ ಅವರು ಪೂರ್ತಿ ಒಂದು ಕಡೆಯ ಸಾಕ್ಷಿ ಆಗುವುದಿಲ್ಲ.

ಹೇಳಿಕೆ 4: ‘ಮಡಕೆಯಲ್ಲಿ ಮಗುವಿನ ಮೂಳೆ, ಇದು ನರಬಲಿ’

ಇದು ಎಲ್ಲಕ್ಕಿಂತ ಬೇಗ ಹರಡುವ, ಎಲ್ಲಕ್ಕಿಂತ ನೋವಿನ ತಪ್ಪು.

ಬ್ರಹ್ಮಗಿರಿಯೂ ಸೇರಿ ನಮ್ಮ ಹಲವು ನವಶಿಲಾಯುಗದ ನೆಲೆಗಳಲ್ಲಿ ಎಳೆಯ ಶಿಶುಗಳನ್ನು ಮಡಕೆಯಲ್ಲಿಟ್ಟು ಹೂಳಿರುವುದು ಕಂಡಿದೆ, ಅದೂ ವಾಸದ ಜಾಗದಲ್ಲೇ. ದೊಡ್ಡವರನ್ನು ಗುಂಡಿ ತೋಡಿ ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಔಷಧಿಯಿಲ್ಲದ ಕಾಲ, ಹುಟ್ಟಿದ ಎಷ್ಟೋ ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಕೊಂದದ್ದರ ಗುರುತು ಎಂದರೆ ಮೂಳೆಯ ಮೇಲಿನ ಗಾಯ, ಕೊಯ್ದ ಗೀರು. ಅದಿಲ್ಲದೆ, ಮಡಕೆಯಲ್ಲಿ ಮೂಳೆ ಇದೆ ಎಂಬ ಒಂದೇ ಕಾರಣಕ್ಕೆ ಬಲಿ ಎನ್ನುವುದು ನ್ಯಾಯವಲ್ಲ. ಮಗುವನ್ನು ದೂರ ಬಿಡದೆ ಮನೆಯ ಹತ್ತಿರವೇ ಇಟ್ಟುಕೊಂಡವರನ್ನು ನಾವು ಕೊಲೆಗಾರರೆಂದು ಕರೆದಂತಾಗುತ್ತದೆ.

ಇದರ ಜೊತೆಗೆ ‘ಮುದುಕರನ್ನು ಜೀವಂತವಾಗಿ ದೊಡ್ಡ ಮಡಕೆಯಲ್ಲಿ ಕೂರಿಸಿ ಹೂಳುತ್ತಿದ್ದರು’ ಎಂಬ ಕಥೆಯೂ ದಕ್ಷಿಣದಲ್ಲಿ, ಮುಖ್ಯವಾಗಿ ತಮಿಳುನಾಡಿನಲ್ಲಿ ಇದೆ. ಅಗೆದು ನೋಡಿದಾಗ ಹಲವು ಮಡಕೆಗಳಲ್ಲಿ ಇಡೀ ದೇಹವೇ ಇರುವುದಿಲ್ಲ. ಬೇರೆಡೆ ಇಟ್ಟ ದೇಹದ ಮೂಳೆಗಳನ್ನು ಆಮೇಲೆ ಆಯ್ದು ತಂದು ಇಟ್ಟಿರುತ್ತಾರೆ, ಕೆಲವೊಮ್ಮೆ ಒಬ್ಬರಿಗಿಂತ ಹೆಚ್ಚು ಜನರದ್ದು. ಆಯ್ದ ಮೂಳೆ ಜೀವಂತ ಮನುಷ್ಯನದ್ದಾಗಿರಲು ಸಾಧ್ಯವಿಲ್ಲ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಕುಳ್ಳರಾದ ಮೋರ್ಯರು ಕಟ್ಟಿದರು ಎನ್ನುವುದು, ಬೇರೆಡೆ ಅಂಥವನ್ನೇ ಪಾಂಡವರ ಗುಡಿ ಎನ್ನುವುದು ಇವೆಲ್ಲ ಜನಪದರ ಚಂದದ ಕಲ್ಪನೆಗಳು. ಕಥೆಯಾಗಿ ಉಳಿಯಲಿ, ಪುರಾವೆಯಾಗಿ ಬೇಡ.

ಹೇಳಿಕೆ 5: ‘ಮಡಕೆ ಇದ್ದಲ್ಲಿ ಚಿನ್ನ’

ತಮಿಳುನಾಡಿನ ಆದಿಚನಲ್ಲೂರಿನಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಅಲೆಕ್ಸಾಂಡರ್ ರಿಯಾ ಸಮಾಧಿ ಮಡಕೆಗಳನ್ನು ಅಗೆದಾಗ ಹಣೆಗೆ ಕಟ್ಟುವ ತೆಳು ಚಿನ್ನದ ಪಟ್ಟಿಗಳು ಕೆಲವು ಸಿಕ್ಕಿದ್ದು ನಿಜ. ಅಂಥದ್ದು ಸಿಗುವುದೇ ಅಪರೂಪ ಎಂಬುದೂ ಅಷ್ಟೇ ನಿಜ. ಸಾಮಾನ್ಯವಾಗಿ ಸಿಗುವುದು ಮೂಳೆ, ಮಣಿ, ತುಕ್ಕು ಹಿಡಿದ ಕಬ್ಬಿಣ, ಇನ್ನಷ್ಟು ಮಡಕೆ.

ನಿಧಿಯಾಸೆಗೆ ಒಂದು ಮಡಕೆ ಒಡೆದರೆ ಹೋಗುವುದು ಮಡಕೆ ಒಂದೇ ಅಲ್ಲ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಒಳಗಿನ ಮಣ್ಣಿನಲ್ಲಿ ಯಾವ ಕಾಳಿತ್ತು ಎಂಬುದೆಲ್ಲ ಒಂದೇ ಗುದ್ದಲಿ ಏಟಿಗೆ ಕಲಸಿಹೋಗುತ್ತದೆ. ಮೇಲೆ ಹೇಳಿದ ಬ್ರಹ್ಮಗಿರಿಯ ಕ್ರಮ ಗೊತ್ತಾದದ್ದೇ ಪದರ ಕೆಡದೆ ಉಳಿದಿದ್ದರಿಂದ. ಜಾಗ ಬಿಟ್ಟ ಮಡಕೆ ವಿಳಾಸ ಹರಿದ ಪತ್ರದಂತೆ, ಯಾರದ್ದೆಂದು ಹೇಳುವುದು ಕಷ್ಟ.

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳನ್ನು ಪರವಾನಗಿ ಇಲ್ಲದೆ ಮಾರಾಟದ ವ್ಯವಹಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೆಲದಲ್ಲಿ ಹೂತ ನಿಧಿ ಸಿಕ್ಕರೆ, ಅದು ನಿಮ್ಮದೇ ಹೊಲದಲ್ಲಾದರೂ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ನಿಮಗೇ ಹಳೇ ಮಡಕೆ ಸಿಕ್ಕರೆ ಏನು ಮಾಡಬೇಕು?

• ಕೆಲಸ ಅಲ್ಲಿಗೇ ನಿಲ್ಲಿಸಿ. ಮಡಕೆಯನ್ನು ಎತ್ತಬೇಡಿ, ಒಳಗಿನ ಮಣ್ಣು ಸುರಿಯಬೇಡಿ.
• ಇದ್ದಲ್ಲೇ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನೋ ಸ್ಕೇಲೋ ಇಡಿ. ಎಷ್ಟು ಆಳದಲ್ಲಿತ್ತು ಎಂದು ಬರೆದಿಡಿ.
• ತೊಳೆಯಬೇಡಿ. ಮಸಿ, ಜಿಡ್ಡು, ಕಾಳು ಇವೇ ಮುಂದೆ ಅದರ ವಯಸ್ಸು ಹೇಳುವುದು.
• ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಕಚೇರಿ ಅಥವಾ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ.
• ನಿಖರವಾದ ಜಾಗವನ್ನು ಗ್ರೂಪ್‌ಗಳಲ್ಲಿ ಹಾಕಬೇಡಿ. ನಿಧಿ ಹುಡುಕುವವರು ಇಲಾಖೆಯವರಿಗಿಂತ ಮೊದಲು ಬಂದುಬಿಡುತ್ತಾರೆ.

ಫಾರ್ವರ್ಡ್ ಬಂದರೆ ಕೇಳಬೇಕಾದ ನಾಲ್ಕು ಪ್ರಶ್ನೆ

ಒಂದು, ಅಳೆದದ್ದು ಏನನ್ನು? ಮಡಕೆಯನ್ನೋ, ಇದ್ದಿಲನ್ನೋ, ಕಾಳನ್ನೋ? ಎರಡು, ಯಾವ ವಿಧಾನದಿಂದ, ಯಾವ ಪ್ರಯೋಗಾಲಯದಲ್ಲಿ? ಮೂರು, ವಯಸ್ಸು ಒಂದೇ ಸಂಖ್ಯೆಯೋ, ‘ಇಷ್ಟರಿಂದ ಇಷ್ಟರ ನಡುವೆ’ ಎಂದಿದೆಯೋ? ನಾಲ್ಕು, ಮಡಕೆ ಸಿಕ್ಕ ಪದರ, ಜೊತೆಗಿದ್ದ ವಸ್ತುಗಳ ವಿವರ ಇದೆಯೋ, ಫೋಟೋ ಒಂದೇ ಇದೆಯೋ? ಈ ನಾಲ್ಕಕ್ಕೂ ಉತ್ತರ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸದಿರುವುದೇ ವಾಸಿ.

ನಮ್ಮ ತೀರ್ಮಾನ

‘ಮಡಕೆಗೆ ಕಾರ್ಬನ್ ಡೇಟಿಂಗ್’ ಎಂಬುದು ಅರ್ಧ ಸತ್ಯ. ‘ಮೂಳೆ ಇದ್ದರೆ ನರಬಲಿ’ ಮತ್ತು ‘ಮಡಕೆ ಇದ್ದಲ್ಲಿ ಚಿನ್ನ’ ಎಂಬ ಎರಡೂ ಆಧಾರವಿಲ್ಲದ ಮಾತು. ಕಪ್ಪು-ಕೆಂಪು ಮಡಕೆಯ ಹಿಂದೆ ಇರುವುದು ಕುಂಬಾರರ ಕೈಚಳಕ. ಅಕ್ಷರ ಬರದ ಕಾಲದ ಜನ ಏನು ಬೇಯಿಸಿದರು, ಯಾರ ಜೊತೆ ವ್ಯಾಪಾರ ಮಾಡಿದರು, ತಮ್ಮ ಮಕ್ಕಳನ್ನು ಹೇಗೆ ಕಳಿಸಿಕೊಟ್ಟರು ಎಂದು ತಿಳಿಯಲು ನಮ್ಮ ಬಳಿ ಇರುವ ದಾರಿಗಳಲ್ಲಿ ಈ ಚೂರುಗಳೇ ದೊಡ್ಡವು. ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಇತಿಹಾಸಪೂರ್ವ ಕಾಲದ ವಸ್ತುಗಳನ್ನು ಕಣ್ಣಾರೆ ನೋಡಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ.